ಒಂದು ನಿಮಿಷ ಎದ್ದು ನಿಲ್ಲದ ಮೇಷ್ಟ್ರು

ನನಗೊಂದು ಕೆಟ್ಟ ಅಭ್ಯಾಸ ಇದೆ. ಯಾವ ವಸ್ತು ಮನಸ್ಸಿಗೆ ಹಿಡಿಸುತ್ತದೋ ಅದನ್ನು ಕಂಡ ಕೂಡಲೇ ಮುಖ ಹುಳ್ಳಗೆ ಮಾಡುತ್ತೇನೆ. ಮೀನಿನ ಸಾರು ಚೆನ್ನಾಗಿದ್ದ ದಿನ ಹುಳಿ ಸ್ವಲ್ಪ ಜಾಸ್ತಿಯಾಯಿತೇನೋ ಎನ್ನುತ್ತೇನೆ. ನನ್ನ ಹೆಂಡತಿ ಜಾಣೆ. ನಾನು ದೂರಿದರೆ ಇನ್ನೊಂದು ಸೌಟು ಬಡಿಸುತ್ತಾಳೆ. ಹೊಗಳಿದರೆ ಏನು ತಪ್ಪಾಯಿತೆಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ.

ಇದು ಕಸುಬಿನಿಂದ ಅಂಟಿದ್ದು. ಕುವೈತಿನಲ್ಲಿ ನಾನು ಹಳೆ ಫರ್ನಿಚರ್ ವ್ಯಾಪಾರಿ. ಇಕಾಮಾ ಎಂಬ ವಾಸದ ಪರವಾನಗಿ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟ ಸಂಸಾರಗಳ ಸೋಫಾ, ಮಂಚ, ಕಪಾಟುಗಳನ್ನು ಕೊಂಡು, ಹೊಸದಾಗಿ ಬಂದಿಳಿದ ಸಂಸಾರಗಳಿಗೆ ಮಾರುತ್ತೇನೆ. ಒಂದೇ ಡೈನಿಂಗ್ ಟೇಬಲ್ಲನ್ನು ಮೂರು ಮನೆಗಳಿಗೆ ಮಾರಿ ಮೂರು ಸಲವೂ ವಾಪಸು ಕೊಂಡದ್ದುಂಟು. ಕೊಳ್ಳಲು ಹೋದಾಗ ಹೇಗಿರಬೇಕೆಂದು ನಿಮಗೂ ಹೇಳಿಕೊಡುತ್ತೇನೆ, ಫೀಸು ಬೇಡ. ಸೋಫಾ ಇಷ್ಟವಾದರೆ ಅದರ ಕಡೆ ತಿರುಗಿಯೂ ನೋಡಬೇಡಿ. ಪಕ್ಕದ ಕಪಾಟಿನ ಬಾಗಿಲನ್ನು ತೆಗೆದು ಹಾಕಿ ನಿಟ್ಟುಸಿರು ಬಿಡಿ. ಹೊರಡುವಾಗ ಹೊಸ್ತಿಲ ಹತ್ತಿರ ನಿಂತು, ಇಷ್ಟು ಭಾರದ ಸೋಫಾವನ್ನು ಎತ್ತಿಸಲು ಪಾಪ ಯಾರಾದರೂ ಸಿಕ್ಕಿದ್ದಾರೆಯೇ ಎಂದು ವಿಚಾರಿಸಿ. ಉಳಿದದ್ದು ತಾನಾಗಿ ನಡೆಯುತ್ತದೆ.

ನನಗೆ ಇದನ್ನು ಕಲಿಸಿದ್ದು ಸೋದರಮಾವ. ಅವರು ಊರಲ್ಲಿ ಕೋಣಗಳ ದಲ್ಲಾಳಿ. ಸಂತೆಯಲ್ಲಿ ಕೊಳ್ಳುವವನ ಮತ್ತು ಮಾರುವವನ ಕೈಗಳ ಮೇಲೆ ಹೆಗಲ ಮೇಲಿನ ಟವೆಲನ್ನು, ನಮ್ಮ ಕಡೆಯ ಬೈರಾಸನ್ನು, ಹೊದಿಸುತ್ತಿದ್ದರು. ಅದರೊಳಗೆ ಬೆರಳು ಹಿಡಿದೇ ಬೆಲೆ ಹೇಳುವುದು ಆಗಿನ ಪದ್ಧತಿ. ಮೇಲೆ ಬಾಯಿ ಮಾತ್ರ, ಕೊಂಬು ಸೊಟ್ಟ, ಗೊರಸು ಸವೆದಿದೆ, ಕಣ್ಣಲ್ಲಿ ನೀರು ಎಂದು ಆ ಬಡಪಾಯಿ ಕೋಣವನ್ನು ಬಯ್ಯುತ್ತಲೇ ಇರುತ್ತಿತ್ತು. ಬೈರಾಸಿನ ಅಡಿಯಲ್ಲಿ ಬೆರಳುಗಳು ಮೆಲ್ಲಗೆ ಏರುತ್ತಿದ್ದವು. ನಾನು ಮಾವನ ಮೊಣಕೈಯಷ್ಟು ಎತ್ತರ. ಸೆಗಣಿ, ಬೀಡಿ, ಹುರಿಗಡಲೆ ಎಲ್ಲ ಬೆರೆತ ಆ ವಾಸನೆಯಲ್ಲಿ ನಿಂತು ಬೈರಾಸಿನ ಅಲುಗಾಟವನ್ನೇ ನೋಡುತ್ತಿದ್ದೆ. ಒಮ್ಮೆ ಒಳಗೆ ಇಣುಕಲು ಹೋಗಿ ತಲೆಗೆ ಮೊಟಕಿಸಿಕೊಂಡೆ. ಕೋಣ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಇಷ್ಟೆಲ್ಲ ಬಯ್ಗುಳ ತಿಂದದ್ದು ನಾನು, ಪೆಟ್ಟು ನಿನಗೇಕೆ ಎಂಬಂತಿತ್ತು.

ಆಮೇಲೆ ಎಷ್ಟೋ ವರ್ಷ ಕಳೆದು ಸಾಹಿತ್ಯ ವಿಮರ್ಶಕರು ಮಾತಾಡುವುದನ್ನು ಮೊದಲ ಸಲ ಕೇಳಿದಾಗ, ನನ್ನ ಕಣ್ಣು ತಾನಾಗಿ ಅವರ ಕೈಗಳ ಮೇಲೆ ಬೈರಾಸು ಹುಡುಕಿತು.

ನಾನು ಸಾಹಿತ್ಯಕ್ಕೆ ಬಂದದ್ದು ಸೋಫಾದ ದಾರಿಯಿಂದ. ಇಲ್ಲಿನ ಅಬ್ಬಾಸಿಯಾ ಬಡಾವಣೆಯ ಕೆಲವು ಕನ್ನಡಿಗರು ಓದುಗರ ಕೂಟ ಕಟ್ಟಿಕೊಂಡಾಗ ಅವರಿಗೆ ಕೂರಲು ಜಾಗ ಇರಲಿಲ್ಲ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನನ್ನ ಗೋದಾಮಿನಲ್ಲಿ ಕೂರಲಿಕ್ಕೇ ಇರುವ ವಸ್ತುಗಳು ರಾಶಿ ಬಿದ್ದಿದ್ದವು. ಶುಕ್ರವಾರ ಸಂಜೆ ಬನ್ನಿ ಎಂದೆ. ಕುಳಿತವರಲ್ಲಿ ಒಬ್ಬಿಬ್ಬರಾದರೂ ಕುಳಿತದ್ದನ್ನು ಕೊಳ್ಳುತ್ತಾರೆ ಎಂಬ ದೂರಾಲೋಚನೆ. ಇವತ್ತಿನವರೆಗೆ ಒಂದು ಮಣೆಯೂ ಮಾರಾಟವಾಗಿಲ್ಲ. ಬದಲಿಗೆ ಓದುವ ಚಟ ನನಗೇ ಅಂಟಿತು. ಓದಿನ ಮಟ್ಟಿಗೆ ನಾನು ಕ್ಷೌರದಂಗಡಿಯ ಶಿಷ್ಯ. ಅಲ್ಲಿನ ಹಳೆ ವಾರಪತ್ರಿಕೆಗಳ ಮೊದಲ ಪುಟಗಳೆಲ್ಲ ಕತ್ತಿ ಒರೆಸಲು ಹೋಗಿರುತ್ತಿದ್ದವು. ಹಾಗಾಗಿ ಧಾರಾವಾಹಿಗಳನ್ನು ನಡುವಿನಿಂದಲೇ ಓದಿ ಬೆಳೆದೆ. ಈಗಲೂ ಕಾದಂಬರಿ ಕೈಗೆ ಬಂದರೆ ಮಧ್ಯದಲ್ಲಿ ಬಿಡಿಸುತ್ತೇನೆ. ಮೊದಲಿನಿಂದ ಓದಿದರೆ ಏನೋ ಸಲಿಗೆ ತೆಗೆದುಕೊಂಡಂತೆ ಸಂಕೋಚವಾಗುತ್ತದೆ.

ಕೂಟದ ಎರಡು ಕಂಬಗಳೆಂದರೆ ವಿಲ್ಫ್ರೆಡ್ ಸರ್ ಮತ್ತು ಪಾಟೀಲ ಮೇಷ್ಟ್ರು. ವಿಲ್ಫ್ರೆಡ್ ಸರ್ ನಮ್ಮ ಮಂಗಳೂರು ಕಡೆಯ ಕೊಂಕಣಿಯವರು, ಮಿರ್ಕಾಬಿನ ಆಫೀಸೊಂದರಲ್ಲಿ ಅಕೌಂಟೆಂಟು. ಬರುವುದಕ್ಕೆ ಮುಂಚೆ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರು. ಪಾಟೀಲ ಮೇಷ್ಟ್ರು ಗದಗದ ಕಡೆಯವರು, ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ವಿಲ್ಫ್ರೆಡ್ ಸರ್‌ಗೆ ಕಾರು ಓಡಿಸಲು ಬಾರದು. ಪ್ರತಿ ಶುಕ್ರವಾರ ಮೇಷ್ಟ್ರ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಅಬ್ಬಾಸಿಯಾದಿಂದ ಶುವೈಖಿಗೆ ಬರುತ್ತಿದ್ದರು. ಸಭೆ ಶುರುವಾಗುವ ಹೊತ್ತಿಗೆ ಇಬ್ಬರ ಅರ್ಧ ಜಗಳ ಕಾರಿನಲ್ಲೇ ಮುಗಿದಿರುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಮಿಕ್ಕ ಅರ್ಧ.

ಆ ಜಗಳದ ಮುಖ್ಯ ಸರಕು ಒಬ್ಬ ಕಾದಂಬರಿಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಮನೆಯಲ್ಲೂ ಇಬ್ಬರು ಮಾತು ಬಿಟ್ಟಾರು. ಅವನ ಅಜ್ಜ ನಮ್ಮದೇ ಕರಾವಳಿಯಿಂದ ಹಡಗು ಹತ್ತಿ ಆಫ್ರಿಕಾದ ಬಂದರೊಂದಕ್ಕೆ ಹೋದವನು. ಮೊಮ್ಮಗ ಅಲ್ಲೇ, ಬ್ರಿಟಿಷರ ಬಾವುಟದಡಿ ಹುಟ್ಟಿ, ಲಂಡನ್ ಸೇರಿ, ಇಂಗ್ಲಿಷಿನಲ್ಲಿ ಬರೆದು, ಬಿಳಿಯರಿಂದ ದೊಡ್ಡ ಬಿರುದು ಪಡೆದ. ಅವನ ಬಹಳ ಹೆಸರಾದ ಕಾದಂಬರಿಯಲ್ಲಿ ಆ ಬಂದರಿನ ನಮ್ಮವನೊಬ್ಬ ಅಂಗಡಿಕಾರ ಬರುತ್ತಾನೆ. ಪುಕ್ಕಲ, ಜಿಪುಣ, ಬಿಳಿಯ ಗಿರಾಕಿಯ ಮುಂದೆ ಬಾಗುತ್ತಾನೆ, ಕರಿಯ ಗಿರಾಕಿಯನ್ನು ಗದರಿಸುತ್ತಾನೆ. ಬಾವುಟ ಬದಲಾಗುತ್ತದೆ, ಊರು ಹದಗೆಡುತ್ತದೆ, ಕೊನೆಗೆ ಅಂಗಡಿ ಸುಟ್ಟುಹೋಗುತ್ತದೆ. ಸಾಲದ್ದಕ್ಕೆ ಈ ಮಹಾಶಯ ಪತ್ರಿಕೆಯವರ ಮುಂದೆ ಬಾಯಿ ಬಿಟ್ಟಾಗಲೆಲ್ಲ ತಾನು ಹುಟ್ಟಿದ ಊರನ್ನೂ ಅಜ್ಜನ ಊರನ್ನೂ ಒಟ್ಟಿಗೆ ಜರೆಯುತ್ತಿದ್ದ.

ಇಂಥವನನ್ನು ವಿಮರ್ಶಕರು ಹೇಗೆ ನೋಡುತ್ತಾರೆ ಎಂಬುದನ್ನು ನಾನು ಬಹಳ ಗಮನವಿಟ್ಟು ಕಲಿತಿದ್ದೇನೆ. ಸೋಫಾ ಕೊಳ್ಳಲು ಬರುವವರಲ್ಲಿ ಇರುವಷ್ಟೇ ಜಾತಿಗಳು ಅಲ್ಲೂ ಇವೆ. ಕೆಲವರು ಮೊದಲು ಕೇಳುವುದು ಇದು ಯಾರ ಮನೆಯಿಂದ ಬಂತು ಎಂದು. ಆ ಮನೆಯ ಗಂಡಹೆಂಡಿರ ಜಗಳದ ಕಥೆ ಸಿಕ್ಕರೆ ಸೋಫಾ ನೋಡುವ ಅಗತ್ಯವೇ ಅವರಿಗಿಲ್ಲ. ಕೆಲವರು ಬಟ್ಟೆಯ ನೇಯ್ಗೆಯನ್ನೇ ಬೆರಳಲ್ಲಿ ಉಜ್ಜಿ ಉಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಒಳಗೆ ತಿಗಣೆ ಇದ್ದರೂ ಪರವಾಗಿಲ್ಲ. ಇನ್ನು ಕೆಲವರಿಗೆ ತಿಗಣೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮತ್ತೊಂದು ಗುಂಪು ವಾಟ್ಸಾಪಿನಲ್ಲಿ ಫೋಟೋ ನೋಡಿಯೇ ತೀರ್ಪು ಕೊಟ್ಟುಬಿಟ್ಟಿರುತ್ತದೆ. ನಾನು ಯಾವ ಜಾತಿ ಎಂದು ಕೇಳುತ್ತೀರಾ? ನಾನು ಗೋದಾಮಿನಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದು ನೋಡುವವನು. ದಪ್ಪ ಕಾದಂಬರಿ ಕಂಡರೆ ನನಗೆ ಈಗಲೂ ಅದೇ ಚಿಂತೆ.

ವಿಲ್ಫ್ರೆಡ್ ಸರ್ ನೇಯ್ಗೆಯ ಪಕ್ಷ. ಆ ಮನುಷ್ಯನ ಒಂದು ವಾಕ್ಯದಿಂದ ಒಂದು ಪದ ತೆಗೆಯಿರಿ ನೋಡುವ ಎಂದು ಸವಾಲು ಹಾಕುತ್ತಿದ್ದರು. ತನ್ನವರನ್ನು ಪ್ರೀತಿಸಬೇಕೆಂಬ ಕರಾರಿಗೆ ಲೇಖಕ ಸಹಿ ಹಾಕಿಲ್ಲ, ಕಂಡದ್ದನ್ನು ಹೇಳುವುದಷ್ಟೇ ಅವನ ಕೆಲಸ ಎನ್ನುತ್ತಿದ್ದರು. ಪಾಟೀಲ ಮೇಷ್ಟ್ರು ತಿಗಣೆಯ ಪಕ್ಷ. ಕಂಡದ್ದು ನಿಜವೇ ಇರಬಹುದು, ಆದರೆ ಯಾರ ಮುಂದೆ ನಿಂತು ಹೇಳುತ್ತಾನೆ ನೋಡಿ ಎನ್ನುವುದು ಅವರ ವಾದ. ನಾವು ಬಿಟ್ಟು ಬಂದ ಮೇಲೆ ಇವರ ಗತಿ ಏನಾಯಿತು ಎಂದು ಹಳೆಯ ದೊರೆಗಳು ನೆಮ್ಮದಿಯಿಂದ ಚಹಾ ಹೀರಲಿ ಎಂದೇ ಬರೆದ ಪುಸ್ತಕ ಇದು, ಎಂದು ಅವರು ಹೇಳುವಾಗ ನಮ್ಮೆಲ್ಲರ ಕೈಯ ಚಹಾ ಕಹಿಯಾಗುತ್ತಿತ್ತು. ನಾನು ಒಮ್ಮೆ ಮಾತ್ರ ಬಾಯಿ ಹಾಕಿದ್ದೆ. ನಲವತ್ತು ಪುಟ ಓದಿ ಬಂದವನು, ಈ ಅಂಗಡಿಕಾರ ಗಿರಾಕಿ ಕೇಳಿದ ಮೊದಲ ಬೆಲೆಗೇ ಬಟ್ಟೆ ಕೊಟ್ಟುಬಿಡುತ್ತಾನೆ, ನಮ್ಮವರು ಹಾಗೆ ಮಾಡುವುದುಂಟೇ ಎಂದು ಆಕ್ಷೇಪ ಎತ್ತಿದೆ. ಎಲ್ಲರೂ ನಕ್ಕರು. ಅದು ವಿಮರ್ಶೆ ಅಲ್ಲ, ಕಮಿಶನ್ ವ್ಯವಹಾರ ಎಂದು ಯಾರೋ ಅಂದರು. ಮನೆಗೆ ಬಂದು ಕಾಲೇಜಿಗೆ ಹೋಗುವ ಮಗಳ ಹತ್ತಿರ ಹೇಳಿಕೊಂಡರೆ, ಅವಳು ಫೋನಿನಿಂದ ಕಣ್ಣೆತ್ತದೆ, “ಉಪ್ಪ, ಹೀ ಈಸ್ ವೆರಿ ಪ್ರಾಬ್ಲಮ್ಯಾಟಿಕ್” ಎಂದಳು. ನಮ್ಮ ಧಂದೆಯಲ್ಲಿ ಪ್ರಾಬ್ಲಂ ಇರುವ ಮಾಲಿಗೆ ಬೆಲೆ ಇಳಿಯುತ್ತದೆ. ಪುಸ್ತಕದ ಧಂದೆಯಲ್ಲಿ ಏರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಈ ಕಾದಂಬರಿಕಾರ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ನಮ್ಮ ಕೂಟದ ಪದ್ಧತಿ ಏನೆಂದರೆ, ಯಾವ ಲೇಖಕ ಸತ್ತರೂ ಒಂದು ಶ್ರದ್ಧಾಂಜಲಿ ಸಭೆ. ಫೋಟೋ ಪ್ರಿಂಟ್ ತೆಗೆಸಿ, ಅಬ್ಬಾಸಿಯಾದಿಂದ ತಂದ ಪ್ಲಾಸ್ಟಿಕ್ ಹಾರ ಹಾಕಿ, ಎಲ್ಲರೂ ಎದ್ದು ಒಂದು ನಿಮಿಷ ಮೌನ. ಫೋಟೋ ಇಡಲು ನಾನೊಂದು ಡ್ರೆಸ್ಸಿಂಗ್ ಟೇಬಲ್ ಎಳೆದು ತಂದೆ. ಆಲೋಚನೆ ಇಲ್ಲದೆ ಮಾಡಿದ ಕೆಲಸ. ಅದಕ್ಕೆ ಆಳೆತ್ತರದ ಕನ್ನಡಿ ಇತ್ತು.

ಎಲ್ಲರೂ ಎದ್ದು ತಲೆ ತಗ್ಗಿಸಿದೆವು. ಪಾಟೀಲ ಮೇಷ್ಟ್ರು ಏಳಲಿಲ್ಲ. ಯಾವುದೋ ಅರಬರ ಬಂಗಲೆಯ ದಿವಾನಿಯಾದಿಂದ, ಅಂದರೆ ಗಂಡಸರ ಬೈಠಕ್ ಕೋಣೆಯಿಂದ ಬಂದ ಬಂಗಾರದ ಬಣ್ಣದ ಸೋಫಾದಲ್ಲಿ ಎರಡೂ ತೋಳು ಚಾಚಿ ಕುಳಿತೇ ಇದ್ದರು. ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ ವಿಲ್ಫ್ರೆಡ್ ಸರ್ ಕಣ್ಣು ಬಿಟ್ಟರು. ಕನ್ನಡಿಯಲ್ಲಿ, ಸತ್ತವನ ಭುಜದ ಪಕ್ಕದಲ್ಲೇ, ಆರಾಮಾಗಿ ಕುಳಿತ ಮೇಷ್ಟ್ರು ಕಂಡರು. ಮೌನ ಮುಗಿದ ಕೂಡಲೇ ಸರ್ ನನ್ನ ಕಡೆ ತಿರುಗಿ ಬಹಳ ಮೆತ್ತಗೆ ಹೇಳಿದರು, “ಮೇಷ್ಟ್ರಿಗೆ ಮಂಡಿ ನೋವು ಇರಬೇಕು. ಉಮ್ಮರ್ ಬ್ಯಾರಿ, ಅವರಿಗೊಂದು ಸ್ಟೂಲ್ ಕೊಡಿ, ಕಾಲಿಟ್ಟುಕೊಳ್ಳಲಿ.”

ಮೇಷ್ಟ್ರು ಅಷ್ಟೇ ಮೆತ್ತಗೆ, “ಮಂಡಿ ಗಟ್ಟಿ ಅದಾವ್ರೀ ಸರ್. ಅದಕ್ಕ ಎಲ್ಲಾರ ಮುಂದ ಬಗ್ಗಂಗಿಲ್ಲ” ಎಂದರು.

ಆವತ್ತು ವಿಲ್ಫ್ರೆಡ್ ಸರ್ ಟ್ಯಾಕ್ಸಿಯಲ್ಲಿ ಮನೆಗೆ ಹೋದರು. ಒಂದು ನಿಮಿಷದ ಮೌನ ತಿಂಗಳುಗಟ್ಟಲೆ ಬೆಳೆಯಿತು. ಮೊದಲು ಇಬ್ಬರೂ ಗೋದಾಮಿನ ಎರಡು ಮೂಲೆಯಲ್ಲಿ ಕೂರುತ್ತಿದ್ದರು. ಆಮೇಲೆ ಒಬ್ಬರು ಬಂದ ವಾರ ಇನ್ನೊಬ್ಬರು ಬರಲಿಲ್ಲ. ಆಮೇಲೆ ಇಬ್ಬರೂ ಬರಲಿಲ್ಲ. ಜಗಳವಾಡುವವರಿಲ್ಲದೆ ಕೂಟದಲ್ಲಿ ಎಲ್ಲರೂ ಎಲ್ಲರನ್ನೂ ಒಪ್ಪತೊಡಗಿದರು. ಎರಡೇ ಶುಕ್ರವಾರದಲ್ಲಿ ಹಾಜರಿ ಅರ್ಧಕ್ಕಿಳಿಯಿತು.

ಚಳಿ ಶುರುವಾಗುವ ಹೊತ್ತಿಗೆ ವಿಲ್ಫ್ರೆಡ್ ಸರ್ ಹೆಂಡತಿ ಸಿಲ್ವಿ ಬಾಯಿ ನನಗೆ ಫೋನ್ ಮಾಡಿದರು. ಸರ್ ಕೆಲಸ ಮುಗಿದಿದೆ, ಊರಿಗೆ ಹೊರಟಿದ್ದೇವೆ, ಬಂದು ಸಾಮಾನು ನೋಡಿ ಎಂದು. ಹೋದೆ. ಅಭ್ಯಾಸಬಲದಿಂದ ಕಪಾಟಿನ ಬಾಗಿಲು ತೆಗೆದು ನಿಟ್ಟುಸಿರು ಬಿಡುವುದರಲ್ಲಿದ್ದೆ. ಸಿಲ್ವಿ ಬಾಯಿ ನನ್ನನ್ನು ಅಡುಗೆಮನೆಗೆ ಕರೆದರು.

“ಸಾಮಾನಿಗೆ ನೀವು ಎಷ್ಟು ಕೊಟ್ಟರೂ ಸಾಕು, ನನಗೆ ಚೌಕಾಶಿ ಬೇಡ. ನೀವು ಬೇರೊಂದು ವ್ಯಾಪಾರ ಮಾಡಿ ಕೊಡಬೇಕು. ಇವರು ಪುಸ್ತಕ ಕಟ್ಟುದು, ಮತ್ತೆ ಬಿಚ್ಚುದು. ಪಾಟೀಲರ ಹತ್ತಿರ ಮಾತಾಡದೆ ಹೋದರೆ ಊರಿಗೆ ಹೋಗಿ ಸಹ ಇದನ್ನೇ ಮಾಡ್ತಾರೆ. ನನಗೆ ಗೊತ್ತುಂಟು. ಫೋನ್ ಮಾಡಿ ಅಂದ್ರೆ, ಅವನೇ ಮಾಡಲಿ ಅಂತಾರೆ.”

ಸರ್ ಒಳಗಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಬೆನ್ನು ಮಾಡಿ ಕುಳಿತಿದ್ದರು. ಇಷ್ಟು ವರ್ಷ ಪರರ ಮನೆಯಲ್ಲಿ ಲೆಕ್ಕ ಬರೆದ ಮನುಷ್ಯ. ಹೊರಡುವಾಗ ಅವರಿಗೆ ಇಲ್ಲಿಂದ ಒಯ್ಯಬೇಕೆನ್ನಿಸಿದ ಒಂದೇ ವಸ್ತು ಸಿಗದೆ ಹುಡುಕುತ್ತಿರುವಂತೆ ಕಂಡಿತು. ನಾನು ಸುಮಾರು ಗಟ್ಟಿ ಆಸಾಮಿ. ಆದರೂ ಆ ಹೊತ್ತು ಕಪಾಟಿನ ಬೆಲೆ ಮರೆತೇ ಹೋಯಿತು.

ದಲ್ಲಾಳಿ ಕೆಲಸದ ಮೊದಲ ಪಾಠ ಹೇಳುತ್ತೇನೆ, ಮನೆಯ ಜಗಳಕ್ಕೂ ಆಗುತ್ತದೆ. ಹಟಕ್ಕೆ ಬಿದ್ದ ಇಬ್ಬರನ್ನು ಎದುರು ಕೂರಿಸಬಾರದು. ಬೇರೆ ಬೇರೆ ಹೋಗಿ, ಆಕಡೆಯವರು ಆಗಲೇ ಸ್ವಲ್ಪ ಇಳಿದಿದ್ದಾರೆ ಎಂದು ಇಬ್ಬರಿಗೂ ಹೇಳಬೇಕು. ಇಳಿದಿರಬೇಕೆಂದೇನೂ ಇಲ್ಲ. ಒಬ್ಬ ಇಳಿದನೆಂದು ಕೇಳಿದರೆ ಇನ್ನೊಬ್ಬನಿಗೆ ನಾಚಿಕೆಯಾಗಿ ಅವನೂ ಒಂದು ಮೆಟ್ಟಿಲು ಇಳಿಯುತ್ತಾನೆ, ನಡುವೆ ಎಲ್ಲೋ ಕೈ ಕೂಡುತ್ತದೆ. ಮಾವ ಇದೇ ಉಪಾಯದಿಂದ ನೂರಾರು ಕೋಣ ಮಾರಿಸಿದ್ದಾರೆ.

ಅದೇ ಸಂಜೆ ಮೇಷ್ಟ್ರ ಮನೆಗೆ ಹೋದೆ. ವಿಲ್ಫ್ರೆಡ್ ಸರ್ ಆ ಕಾದಂಬರಿಯನ್ನು ಮತ್ತೆ ಓದುತ್ತಿದ್ದಾರೆ, ಪಾಟೀಲರ ಮಾತಿನಲ್ಲೂ ಸತ್ಯ ಇದೆ ಎನ್ನತೊಡಗಿದ್ದಾರೆ ಎಂದೆ. ಮೇಷ್ಟ್ರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

“ಖರೇನ ಹಂಗಂದ್ರ? ಅವರು ಸೋಲಾವ್ರಲ್ರೀ ಉಮರ್ ಸಾಹೇಬ್ರ. ಹಂಗಂದ್ರ ಅದ್ರಾಗ ನಾ ನೋಡದ್ದು ಏನೋ ಅದ.”

ಮರುದಿನ ವಿಲ್ಫ್ರೆಡ್ ಸರ್‌ಗೂ ಇದೇ ಔಷಧಿ, ಬಾಟಲಿ ಮಾತ್ರ ಬೇರೆ. ಪಾಟೀಲರು ಪುಸ್ತಕ ಹೊರತೆಗೆದಿದ್ದಾರೆ, ಒಂದು ನಿಮಿಷ ಎದ್ದು ನಿಲ್ಲಬಹುದಾಗಿತ್ತು ಎನ್ನುತ್ತಿದ್ದಾರೆ ಎಂದೆ. ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ. ನಾನು ಹೊರಟಾಗ ಕಟ್ಟಿದ ಪೆಟ್ಟಿಗೆಯೊಂದನ್ನು ಮತ್ತೆ ಬಿಚ್ಚುವ ಟೇಪಿನ ಪರ್ರ್ ಎಂಬ ಸದ್ದು ಕೇಳಿಸಿತು. ಖಲಾಸ್, ಕೆಲಸ ಮುಗಿಯಿತು ಎಂದುಕೊಂಡೆ. ಕೋಣ ಪುಸ್ತಕ ಓದುವುದಿಲ್ಲ, ಮಾವನ ಉಪಾಯ ಅದಕ್ಕೇ ನಡೆಯುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಹೊರಡುವ ದಿನ ಶುಕ್ರವಾರ. ಮಧ್ಯಾಹ್ನ ಸಿಲ್ವಿ ಬಾಯಿಯ ಮನೆಗೆ ಹೋದರೆ ಕೂರಲು ಏನೂ ಇರಲಿಲ್ಲ, ಎಲ್ಲವನ್ನೂ ಹಿಂದಿನ ದಿನವೇ ನಾನು ಸಾಗಿಸಿದ್ದೆ. ಸ್ವಲ್ಪ ಹೊತ್ತಿಗೆ ಪಾಟೀಲ ಮೇಷ್ಟ್ರು ಬಂದರು, ಕೈಯಲ್ಲಿ ಆ ಕಾದಂಬರಿ. ವಿಲ್ಫ್ರೆಡ್ ಸರ್ ಕೈಯಲ್ಲೂ ಅದೇ. ಇಬ್ಬರೂ ಎದುರುಬದುರು ರಟ್ಟಿನ ಪೆಟ್ಟಿಗೆಗಳ ಮೇಲೆ ಕುಳಿತರು. ಮೊದಲು ಗಂಟಲು ಸರಿಮಾಡಿಕೊಂಡದ್ದು ಮೇಷ್ಟ್ರು.

“ಸರ್, ನೀವು ಹೇಳಿದ್ದ ಖರೆ ಇತ್ತು. ಆ ಅಂಗಡಿಯಾವ ಬ್ಯಾರೆ ಯಾರೂ ಅಲ್ಲ, ನಾನ ಅದೀನಿ. ಪ್ರಿನ್ಸಿಪಾಲ್ ಬಂದ್ರ ನನ್ನ ದನಿ ಸಣ್ಣದಾಗ್ತದ. ಚಾ ತರಾವ ಬಂದ್ರ ದೊಡ್ಡದಾಗ್ತದ. ಇದನ್ನ ನನ್ನ ಹೇಣ್ತಿ ಸೈತ ನೋಡಿಲ್ಲ. ಲಂಡನ್‌ದಾಗ ಕುಂತು ಅವಾ ಹೆಂಗ ನೋಡಿದಾ? ನಾ ಏಳಬೇಕಿತ್ತು.”

ಸಿಲ್ವಿ ಬಾಯಿ ಕಣ್ಣೊರೆಸಿಕೊಂಡರು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ವಿಲ್ಫ್ರೆಡ್ ಸರ್ ತಲೆ ಅಲ್ಲಾಡಿಸಿದರು.

“ಇಲ್ಲ ಮಾರಾಯ್ರೆ. ಸರಿ ನೀವೇ. ನಾನು ಮೊದಲಿಂದ ಮತ್ತೆ ಓದಿದೆ. ಅಷ್ಟು ದಪ್ಪದ ಪುಸ್ತಕದಲ್ಲಿ ಆ ಅಂಗಡಿಯವ ಒಂದು ಸಲ ಸಹ ನಗುದಿಲ್ಲ. ನನ್ನ ಅಜ್ಜ ಅಂಥದ್ದೇ ಬಂದರಲ್ಲಿ ಟೈಲರ್ ಆಗಿದ್ದವರು. ಆದಿತ್ಯವಾರ ಪಿಟೀಲು ಹಿಡಿದರೆ ಇಡೀ ಬೀದಿ ಕುಣಿಯುತ್ತಿತ್ತಂತೆ, ಬಿಳಿಯ ಕರಿಯ ಎಲ್ಲ. ಆ ಪಿಟೀಲು ಇವನಿಗೆ ಕೇಳಲಿಲ್ಲವಾ? ಕೇಳಿದೆ. ಬರೆದರೆ ಲಂಡನ್ನಿನವರಿಗೆ ಬೇಜಾರಾಗ್ತದೆ ಅಂತ ಬಿಟ್ಟಿದ್ದಾನೆ. ಚಂದದ ವಾಕ್ಯ ನೋಡಿ ನಾನು ಇಷ್ಟು ವರ್ಷ ಮೋಸ ಹೋದೆ. ಅವನಿಗೆ ಎದ್ದು ನಿಂತದ್ದು ನನ್ನ ತಪ್ಪು.”

ಮೇಷ್ಟ್ರ ಮುಖ ಕೆಂಪಾಯಿತು.

“ಅಲ್ರೀ ಸರ್, ಹಂಗೆಂಗ ಅಂತೀರಿ? ನಗೀ ಇಲ್ಲಂದ್ರ ಸುಳ್ಳಂತೇನು? ಅಂಜಿದಾವ ಎಲ್ಲಿ ನಗ್ತಾನ್ರೀ?”

“ಅಂಜಿದವರೇ ಹೆಚ್ಚು ನಗುದು. ನೀವು ಈಗ ಅವನ ವಕೀಲರಾದಿರಾ?”

“ನೀವ ಕಲಿಸಿದ್ದು.”

“ನನಗೆ ನೀವು ಕಲಿಸಿದ್ದು ಮತ್ತೆ?”

ಇಬ್ಬರೂ ಪುಟ ತಿರುವಿ ಒಬ್ಬರಿಗೊಬ್ಬರು ಸಾಕ್ಷಿ ತೋರಿಸತೊಡಗಿದರು. ನೇಯ್ಗೆಯ ಪಕ್ಷ ತಿಗಣೆ ಹುಡುಕುತ್ತಿತ್ತು, ತಿಗಣೆಯ ಪಕ್ಷ ನೇಯ್ಗೆ ಸವರುತ್ತಿತ್ತು. ನಡುನಡುವೆ ಇಬ್ಬರೂ ನನ್ನ ಕಡೆ ಅನುಮಾನದಿಂದ ನೋಡುತ್ತಿದ್ದರು. ನಾನು ಪೆಟ್ಟಿಗೆಗಳ ಟೇಪು ಸರಿಯಾಗಿ ಅಂಟಿದೆಯೇ ಎಂದು ಪರೀಕ್ಷಿಸುವುದರಲ್ಲಿ ಮಗ್ನನಾಗಿದ್ದೆ. ಸಿಲ್ವಿ ಬಾಯಿ ನನ್ನ ಕಿವಿಯ ಹತ್ತಿರ ಬಂದು, ಇದು ರಾಜಿಯೋ ಇನ್ನೊಂದು ಜಗಳವೋ ಎಂದು ಕೇಳಿದರು. ಬಾಯಿಯವರೇ, ಸರ್ ಮುಖ ನೋಡಿ ಎಂದೆ. ವಿಲ್ಫ್ರೆಡ್ ಸರ್ ಮೇಷ್ಟ್ರ ಕೈಯಿಂದ ಪುಸ್ತಕ ಕಸಿದುಕೊಂಡು, ಕೆಲಸ ಸೇರಿದ ಮೊದಲ ದಿನದ ಲೆಕ್ಚರರಿನಂತೆ ಬೆರಳೆತ್ತಿ ನಿಂತಿದ್ದರು. ಸಿಲ್ವಿ ಬಾಯಿ ಟ್ಯಾಕ್ಸಿಯವನಿಗೆ ಫೋನ್ ಮಾಡಿ ಬರಬೇಡ ಎಂದರು.

ಮೇಷ್ಟ್ರ ಕಾರಿನಲ್ಲೇ ಹೊರಟೆವು. ಮುಂದಿನ ಸೀಟಿನಲ್ಲಿ ಸರ್, ಹಿಂದೆ ಸಿಲ್ವಿ ಬಾಯಿ, ನಾನು ಮತ್ತು ನನ್ನ ಮಡಿಲಲ್ಲಿ ಒಂದು ಬ್ಯಾಗು. ಅಬ್ಬಾಸಿಯಾದಿಂದ ವಿಮಾನ ನಿಲ್ದಾಣ ಇಲ್ಲೇ ಪಕ್ಕದಲ್ಲಿ. ಆ ದಾರಿ ಅವರ ಜಗಳಕ್ಕೆ ಸಾಲಲಿಲ್ಲ. ಒಳಗೆ ಹೋಗುವ ಬಾಗಿಲಿನವರೆಗೂ ಆಫ್ರಿಕಾದ ಬಂದರೇ ಮಾತು. ಕೊನೆಯಲ್ಲಿ ಸರ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾನು ಕಾದೆ. “ಹನ್ನೊಂದನೇ ಅಧ್ಯಾಯ ಇನ್ನೊಮ್ಮೆ ಓದಿ, ಫೋನ್ ಮಾಡ್ತೇನೆ” ಎಂದರು. ಮೇಷ್ಟ್ರು, “ನಾನ ಮಾಡ್ತೀನಿ” ಎಂದರು. ಯಾರು ಮೊದಲು ಮಾಡುವುದೆಂದು ಅದಕ್ಕೂ ಒಂದು ಸುತ್ತು ವಾದವಾಯಿತು. ಸಿಲ್ವಿ ಬಾಯಿ ಗಂಡನ ತೋಳು ಹಿಡಿದು ಎಳೆದುಕೊಂಡೇ ಹೋದರು.

ಕಾರಿಗೆ ಮರಳಿ ನಾನು ಹಿಂದಿನ ಬಾಗಿಲು ತೆಗೆದೆ. ಮೇಷ್ಟ್ರು, “ನಾ ಏನ್ ಟ್ಯಾಕ್ಸಿಯವನೇನ್ರೀ? ಮುಂದ ಬರ್ರಿ” ಎಂದರು. ಬಂದು ಕುಳಿತೆ. ಅಬ್ಬಾಸಿಯಾದ ತಿರುವು ಬಂತು. ಮೇಷ್ಟ್ರು ತಿರುಗಿಸಲಿಲ್ಲ, ನೇರ ಹೋದರು. ತಪ್ಪಿತೆಂದು ಹೇಳಲು ಬಾಯಿ ತೆರೆದವನು ಅವರ ಒದ್ದೆ ಕಣ್ಣು ನೋಡಿ ಮುಚ್ಚಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಕೇಳಿದರು.

“ನೀವು ಪೂರ್ತಿ ಓದಿದ್ರೇನ್ರೀ ಸಾಹೇಬ್ರ, ಅದನ್ನ?”

ಓದಿದ್ದೆ. ಇವರಿಬ್ಬರೂ ಮತ್ತೆ ಓದುತ್ತಿದ್ದಾರೆಂದು ಊರೆಲ್ಲ ಹೇಳಿಕೊಂಡು ತಿರುಗುವಾಗ, ನಾನೂ ಓದದಿದ್ದರೆ ಹೇಗೆಂದು ಮುಗಿಸಿದ್ದೆ. ಈ ಸಲ ಮೊದಲ ಪುಟದಿಂದ. ಹೇಗನ್ನಿಸಿತು ಎಂದು ಕೇಳಿದರು. ಇಷ್ಟು ವರ್ಷ ಸೋಫಾ, ಬಾಡಿಗೆ, ಮಕ್ಕಳ ಕಾಲೇಜು ಎಂದು ಎಲ್ಲರೂ ನನ್ನ ಸಲಹೆ ಕೇಳಿದವರೇ. ಪುಸ್ತಕ ಹೇಗನ್ನಿಸಿತು ಎಂದು ಒಬ್ಬರೂ ಕೇಳಿರಲಿಲ್ಲ.

“ನನಗೆ ಆ ಅಂಗಡಿಯವನ ಮೇಲೆ ತುಂಬಾ ಸಿಟ್ಟು ಬಂತು ಮೇಷ್ಟ್ರೆ. ಬರೆದವನ ಮೇಲೆ ಸಹ ಬಂತು. ಆದರೆ ಅಂಗಡಿಗೆ ಬೆಂಕಿ ಬೀಳುವ ಪುಟ ಉಂಟಲ್ಲ, ಅಲ್ಲಿ ಪುಸ್ತಕ ಮುಚ್ಚಿ ಶುವೈಖಿಗೆ ಹೋಗಿ ಗೋದಾಮಿನ ಬೀಗ ಎಳೆದು ನೋಡಿ ಬಂದೆ.”

ಮೇಷ್ಟ್ರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಗಾಡಿಯ ವೇಗ ಇಳಿಸಿ ಯೋಚಿಸಿದರು.

“ಅದು ವಿಮರ್ಶೆ ಅಲ್ರೀ. ಅದು ಅಂಜಿಕಿ.”

ಅಂಜಿಕೆ ಹುಟ್ಟಿಸಿದ್ದು ಪುಸ್ತಕವೇ ತಾನೇ ಎಂದೆ. ಹಾಗಾದರೆ ದೆವ್ವದ ಸಿನಿಮಾವೂ ಸಾಹಿತ್ಯವೇ ಎಂದರು. ದೆವ್ವದ ಸಿನಿಮಾ ನೋಡಿ ಯಾರೂ ಬೀಗ ಎಳೆದು ನೋಡುವುದಿಲ್ಲ, ಹೊದಿಕೆ ಎಳೆದುಕೊಳ್ಳುತ್ತಾರೆ ಎಂದೆ. ಅವರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಬೆರಳೆತ್ತಿದರು. ನಾನು ಬಿಡಲಿಲ್ಲ, ಹೇಳಿದ ಬೆಲೆಯಲ್ಲಿ ಒಂದು ಪೈಸೆಯೂ ಇಳಿಸದವನಂತೆ ಹಿಡಿದ ಮಾತನ್ನೇ ಹಿಡಿದುಕೊಂಡೆ. ಎರಡು ತಿರುವು ತಪ್ಪಿಸಿ, ಒಮ್ಮೆ ಹಿಂದಿನ ಗಾಡಿಯವನಿಂದ ಹಾರ್ನ್ ಹೊಡೆಸಿಕೊಂಡು, ಅಂತೂ ಅಬ್ಬಾಸಿಯಾದ ನಮ್ಮ ಬಿಲ್ಡಿಂಗಿನ ಮುಂದೆ ಬಂದು ನಿಂತೆವು. ನಾನು ಇಳಿದು ಬಾಗಿಲು ಹಾಕಿದ ಮೇಲೆ ಮೇಷ್ಟ್ರು ಗಾಜು ಇಳಿಸಿದರು. ಬರುವ ಶುಕ್ರವಾರ ಕೂಟಕ್ಕೆ ಹೊರಡಲು ಎಷ್ಟು ಹೊತ್ತಿಗೆ ತಯಾರಿರುತ್ತೀರಿ ಎಂದು ಕೇಳಿದರು.